ಬೆಳಗಾದರೆ ಮೋಟಾಗುವ ಬೆಂಚು

ಜಾಂಬಿಯಾದ ರಾಜಧಾನಿ ಲುಸಾಕಾದಲ್ಲಿ ನಾಲ್ಕು ದಿನದ ಸರ್ವರ್ ತರಬೇತಿ ಮುಗಿಸಿ ತನ್ನೂರು ಕಬ್ವೆಗೆ ಮರಳಿದ ಕಟೊಂಗೊ ಮೊದಲು ಮಾಡಿದ ಕೆಲಸ ಸರ್ಟಿಫಿಕೇಟಿಗೆ ಗಾಜು ಹಾಕಿಸಿದ್ದು. ಎರಡನೆಯ ಕೆಲಸ, ಅದನ್ನು ಕಚೇರಿಯಲ್ಲಿ ಎಲ್ಲರ ಕಣ್ಣಿಗೂ ಬೀಳುವ ಕಡೆ ತೂಗುಹಾಕಿದ್ದು. ಅಲ್ಲಿಗೆ ಸುಮ್ಮನಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಮೂರನೆಯ ಕೆಲಸಕ್ಕೂ ಕೈ ಹಾಕಿದ. ಡಿಎನ್‌ಎಸ್ ಸರ್ವರಿನ ಬಫರ್ ದೊಡ್ಡದು ಮಾಡಿದ.

ಆ ಕಚೇರಿ ಪ್ರಾಂತದ ಶಾಲೆಗಳಿಗೆಲ್ಲ ಇಂಟರ್ನೆಟ್ ಒದಗಿಸುವುದು. ಯಾರಾದರೂ ಫೋನಿನಲ್ಲಿ ಒಂದು ವೆಬ್‌ಸೈಟಿನ ಹೆಸರು ಒತ್ತಿದರೆ, ಆ ಹೆಸರಿನ ಮನೆ ಎಲ್ಲಿ ಎಂದು ಫೋನು ಬಂದು ಕೇಳುವುದು ಕಟೊಂಗೊನ ಡಿಎನ್‌ಎಸ್ ಸರ್ವರನ್ನು. ಅದು ಹುಡುಕಿ ವಿಳಾಸ ಹೇಳುತ್ತದೆ. ಒಟ್ಟಿಗೆ ಹೆಚ್ಚು ಜನ ಬಂದರೆ ಉಳಿದ ಪ್ರಶ್ನೆಗಳು ಬಾಗಿಲಲ್ಲಿ ಕಾಯಬೇಕು. ಅವು ಕಾಯುವ ಜಾಗವೇ ಬಫರ್. ಆಸ್ಪತ್ರೆಯ ಮುಂದಿನ ಬೆಂಚಿದ್ದ ಹಾಗೆ. ಒಂದೇ ವ್ಯತ್ಯಾಸವೆಂದರೆ, ಆಸ್ಪತ್ರೆಯಲ್ಲಿ ಬೆಂಚು ತುಂಬಿದರೆ ಜನ ನಿಂತುಕೊಳ್ಳುತ್ತಾರೆ. ಇಲ್ಲಿ ಬೆಂಚು ತುಂಬಿದರೆ ಹೆಚ್ಚಿಗೆ ಬಂದ ಪ್ರಶ್ನೆಗಳು ಹೇಳಹೆಸರಿಲ್ಲದೆ ಮಾಯವಾಗುತ್ತವೆ.

ಹೋದ ವರ್ಷ ಹನ್ನೆರಡನೆಯ ತರಗತಿಯ ಫಲಿತಾಂಶದ ದಿನ ಆದದ್ದು ಅದೇ. ಬೆಳಗ್ಗೆ ಹತ್ತಕ್ಕೆ ಇಡೀ ಪ್ರಾಂತದ ಮಕ್ಕಳು, ಅವರ ತಾಯಂದಿರು, ಚಿಕ್ಕಪ್ಪಂದಿರು, ಸಾಲದ್ದಕ್ಕೆ ನೆರೆಹೊರೆಯವರು ಒಟ್ಟಿಗೆ ಬೆಂಚಿಗೆ ನುಗ್ಗಿದರು. ಅರ್ಧಕ್ಕರ್ಧ ಪ್ರಶ್ನೆಗಳು ನೆಲಕ್ಕೆ ಬಿದ್ದವು. ಫಲಿತಾಂಶ ಕಾಣದೆ ಬಾಯಿಮಾತು ನಂಬಿ ಪಾಸಾದವರು ಫೇಲಾದೆವೆಂದು ಅತ್ತರು, ಫೇಲಾದವರು ಪಾಸಾದೆವೆಂದು ಕೋಳಿ ಕೊಯ್ದರು. ಕಚೇರಿಯ ಮುಖ್ಯಸ್ಥೆ ಮೇಡಂ ನಾಮುಕೋಲೊ ಆವತ್ತು ಕಟೊಂಗೊನನ್ನು ಕರೆದು ಮೆತ್ತಗೆ ಹೇಳಿದ್ದರು: "ಮುಂದಿನ ವರ್ಷಾನೂ ಹೀಗಾದ್ರೆ ನೀವು ಚವುಮಾಕ್ಕೆ ಹೋಗ್ತೀರಿ. ಅಲ್ಲೊಂದು ಟವರ್ ಇದೆ, ಅದಕ್ಕೆ ಜೊತೆಗೆ ಯಾರೂ ಇಲ್ಲ."

ಚವುಮಾ ಅಂಗೋಲಾದ ಗಡಿಯಲ್ಲಿದೆ. ಬಸ್ಸಿನಲ್ಲಿ ಎರಡು ದಿನ. ಕಟೊಂಗೊನ ಹೆಂಡತಿ ಬನಾಚೆವೆ, ಅಂದರೆ ಚೆವೆಯ ಅಮ್ಮ, ಮಾರ್ಕೆಟ್ಟಿನಲ್ಲಿ ಹಳೇ ಬಟ್ಟೆಯ ಅಂಗಡಿ ಇಟ್ಟವಳು. ಒಂದೇ ಮಾತಿನಲ್ಲಿ ತೀರ್ಪು ಕೊಟ್ಟಿದ್ದಳು: "ನೀವು ಹೋಗಿ. ನಾನೂ ಚೆವೆಯೂ ಫೋಟೋ ನೋಡ್ತಾ ಇರ್ತೀವಿ."

ಈ ವರ್ಷದ ಫಲಿತಾಂಶಕ್ಕೆ ಇನ್ನು ಎಂಟೇ ದಿನವಿತ್ತು. ಕಟೊಂಗೊ ಲುಸಾಕಾದಲ್ಲಿ ಕಲಿತ ಆಜ್ಞೆಯನ್ನು ಸರ್ವರಿಗೆ ಕೊಟ್ಟ. ಬೆಂಚಿನ ಉದ್ದ ಎರಡು ಲಕ್ಷ ಹನ್ನೆರಡು ಸಾವಿರದ ಒಂಬೈನೂರ ತೊಂಬತ್ತೆರಡು ಇದ್ದದ್ದು ನಲವತ್ತೊಂದು ಲಕ್ಷ ಚಿಲ್ಲರೆಯಾಯಿತು. ಡಿಎನ್‌ಎಸ್ ಅನ್ನು ಒಮ್ಮೆ ನಿಲ್ಲಿಸಿ ಮತ್ತೆ ನಡೆಸಿದ. ಬೀಳುವ ಪ್ರಶ್ನೆಗಳ ಲೆಕ್ಕ ಸೊನ್ನೆಗೆ ಬಂದು ನಿಂತಿತು. ಚಹಾದ ಹೊತ್ತಿಗೆ ಎಲ್ಲರ ಮುಂದೆ ಎದೆಯುಬ್ಬಿಸಿ, "ಇಪ್ಪತ್ತು ಪಟ್ಟು ದೊಡ್ಡ ಬೆಂಚು ಹಾಕಿಸಿದ್ದೀನಿ. ಈ ಸಲ ಇಡೀ ಜಾಂಬಿಯಾ ಬಂದ್ರೂ ಕೂತ್ಕೊಳ್ಳೋಕೆ ಜಾಗ ಇದೆ" ಎಂದ.

ಮರುದಿನ ಬೆಳಗ್ಗೆ ಬಂದು ನೋಡಿದರೆ ಬೆಂಚು ಹಳೆಯ ಅಳತೆಗೆ ಮೋಟಾಗಿ ಕೂತಿತ್ತು.

ತಾನೇ ಏನೋ ತಪ್ಪು ಒತ್ತಿರಬೇಕೆಂದುಕೊಂಡು ಕಟೊಂಗೊ ಮತ್ತೆ ಉದ್ದ ಮಾಡಿದ. ಮೂರನೆಯ ದಿನ ಬೆಳಗ್ಗೆ ಮತ್ತೆ ಮೋಟು. ಒಂದು ಸಲವಾದರೆ ಕೈತಪ್ಪು. ಎರಡು ಸಲವಾದರೆ ಅದು ಯಾರದೋ ಕೈವಾಡ. ಗಾಜು ಹಾಕಿಸಿದ ಸರ್ಟಿಫಿಕೇಟ್ ಇರುವ ಮನುಷ್ಯ ಬೇರೆ ಯಾವ ತೀರ್ಮಾನಕ್ಕೆ ತಾನೇ ಬಂದಾನು?

ಕಚೇರಿಯಲ್ಲಿ ರಾತ್ರಿಯಿಡೀ ಇರುವವನು ಒಬ್ಬನೇ, ಜನರೇಟರ್ ನೋಡಿಕೊಳ್ಳುವ ಯೋನಾ ಶೊಂಗಾ. ಕರೆಂಟು ಇರುವುದಕ್ಕಿಂತ ಇಲ್ಲದಿರುವುದೇ ಹೆಚ್ಚಾದ ಕಾಲವಾದ್ದರಿಂದ ಕಚೇರಿಯ ಪ್ರಾಣ ಅವನ ಕೈಯಲ್ಲೇ ಇತ್ತು. ಕಟೊಂಗೊ ಅವನ ಬಳಿ ಹೋಗಿ ನೇರವಾಗಿ ಕೇಳಿದ.

"ಶೊಂಗಾ, ರಾತ್ರಿ ನನ್ನ ಯಂತ್ರಾನ ಯಾರಾದ್ರೂ ಮುಟ್ಟಿದ್ರಾ?"

"ಯಾರೋ ಯಾಕೆ ಭಾವ, ನಾನೇ. ದಿನಾ ಬೆಳಗ್ಗೆ ಐದಕ್ಕೆ ಅದನ್ನ ಸಾಯಿಸ್ತೀನಿ, ಎರಡು ನಿಮಿಷ ಬಿಟ್ಟು ಬದುಕಿಸ್ತೀನಿ. ಸತ್ತವರನ್ನ ಎಬ್ಬಿಸೋದು ನಮ್ಮ ಎಂಗೋನಿಗಳಿಗೆ ಬಿಟ್ರೆ ಯಾರಿಗೆ ಬರುತ್ತೆ? ನಿಮ್ಮ ಬೆಂಬಾದವರಿಗೆ ಮರ ಹತ್ತಿ ಕೋತಿ ಹಿಡಿಯೋಕೇ ಪುರುಸೊತ್ತಿಲ್ಲ."

"ಥೂ, ಇಲಿ ತಿನ್ನೋ ಬಾಯಲ್ಲಿ ಇನ್ನೇನು ಬಂದೀತು!" ಎಂದು ಕಟೊಂಗೊ ನಕ್ಕು ಹೊರಟುಬಿಟ್ಟ.

ಇಲ್ಲೇ ತಪ್ಪಿದ್ದು. ಆದರೆ ಕಟೊಂಗೊನ ಜಾಗದಲ್ಲಿ ಯಾವ ಬೆಂಬಾ ಇದ್ದಿದ್ದರೂ ಇದನ್ನೇ ಮಾಡುತ್ತಿದ್ದ. ಬೆಂಬಾ, ಎಂಗೋನಿ ಎರಡು ಕುಲದವರ ಮುತ್ತಜ್ಜಂದಿರು ಒಂದು ಕಾಲದಲ್ಲಿ ಹೊಡೆದಾಡಿ, ಸುಸ್ತಾಗಿ, ಇನ್ನು ಬಾಯಲ್ಲೇ ಹೊಡೆದಾಡೋಣ ಎಂದು ನೆಂಟರಾದವರು. ಅಂದಿನಿಂದ ಒಬ್ಬರನ್ನೊಬ್ಬರು ಎಷ್ಟು ಬೇಕಾದರೂ ಬೈಯಬಹುದು, ಕೋತಿ ತಿನ್ನುವವರು, ಇಲಿ ತಿನ್ನುವವರು ಎನ್ನಬಹುದು, ಕಳ್ಳ ಎನ್ನಬಹುದು, ಸಾವಿನ ಮನೆಯಲ್ಲಿ ಹೆಣದ ಪಕ್ಕ ನಿಂತೂ ಅಣಕಿಸಬಹುದು. ಯಾರೂ ಕೋಪಿಸಿಕೊಳ್ಳುವಂತಿಲ್ಲ. ಯಾರೂ ನಂಬುವಂತೆಯೂ ಇಲ್ಲ. ಎಂಗೋನಿ ಹೇಳಿದ್ದನ್ನು ನಿಜವೆಂದುಕೊಳ್ಳುವ ಬೆಂಬಾನಿಗೆ ಊರಲ್ಲಿ ಹುಡುಗಿ ಕೊಡುವುದಿಲ್ಲ.

ಹೀಗಾಗಿ ಇಡೀ ಕಚೇರಿಯಲ್ಲಿ ಅನುಮಾನದಿಂದ ಪೂರ್ತಿ ಪಾರಾದವನೆಂದರೆ ಶೊಂಗಾ ಒಬ್ಬನೇ.

ಉಳಿದವನು ಪಕ್ಕದ ಕೋಣೆಯ ಮುಯುಂದಾ. ಕೇಬಲ್ಲು, ಟವರುಗಳ ಉಸ್ತುವಾರಿ ಅವನದು. ಪಶ್ಚಿಮ ಪ್ರಾಂತದ ಲೋಜಿ ಕುಲದವನು. ಆ ಕಡೆಯವರ ಮರ್ಯಾದೆಯಂತೆ ಯಾರನ್ನು ಕಂಡರೂ ಮೊಣಕಾಲು ತುಸು ಬಗ್ಗಿಸಿ, ಮೆಲ್ಲಗೆ ಎರಡು ಚಪ್ಪಾಳೆ ತಟ್ಟಿ ನಮಸ್ಕರಿಸುತ್ತಿದ್ದ. ಎರಡು ವರ್ಷ ಅದನ್ನು ಕಂಡು ಸಂತೋಷಪಟ್ಟಿದ್ದ ಕಟೊಂಗೊನಿಗೆ ಈಗ ಹೊಳೆಯಿತು, ಕಾರಣವಿಲ್ಲದೆ ಯಾರಾದರೂ ಇಷ್ಟೊಂದು ಮರ್ಯಾದೆ ಕೊಡುತ್ತಾರೆಯೇ? ಮೇಡಂ ನಾಮುಕೋಲೊ ಕೂಡ ಲೋಜಿ. ಇಬ್ಬರೂ ಬಾಗಿಲ ಹಿಂದೆ ತಮ್ಮ ಭಾಷೆಯಲ್ಲಿ ಮಾತಾಡುತ್ತಿದ್ದರು. ಕಟೊಂಗೊ ಬಾಗಿಲಿಗೆ ಕಿವಿಯಿಟ್ಟು ಕೇಳಿದ. ಒಂದಕ್ಷರ ಅರ್ಥವಾಗಲಿಲ್ಲ, ಆದ್ದರಿಂದ ತನ್ನ ವಿಷಯವೇ ಎಂಬುದು ಖಚಿತವಾಯಿತು.

ನಾಲ್ಕನೆಯ ದಿನ ಸರ್ವರ್ ಕೋಣೆಯ ಬಾಗಿಲಿಗೆ ದಾರ ಕಟ್ಟಿ ಮನೆಗೆ ಹೋದ. ಬೆಳಗ್ಗೆ ದಾರ ಕಟ್ಟಿದ ಹಾಗೇ ಇತ್ತು, ಬೆಂಚು ಮೋಟಾಗಿತ್ತು. ಐದನೆಯ ದಿನ ಹೊಸ ಬೀಗ ಹಾಕಿ ಕೀಲಿಯನ್ನು ಕಾಲುಚೀಲದಲ್ಲಿಟ್ಟುಕೊಂಡ. ಬೀಗ ಭದ್ರವಾಗಿತ್ತು, ಬೆಂಚು ಮೋಟಾಗಿತ್ತು. ಆರನೆಯ ದಿನ ಮನೆಯಿಂದ ಎರಡು ಕಿಲೋ ಮೆಕ್ಕೆಜೋಳದ ಹಿಟ್ಟು ತಂದು ಸರ್ವರ್ ಕೋಣೆಯ ನೆಲಕ್ಕೆಲ್ಲ ಉದುರಿಸಿದ. ಬಂದವನ ಹೆಜ್ಜೆ ಮೂಡಲೇಬೇಕು.

ಏಳನೆಯ ದಿನ ಬೆಳಗ್ಗೆ ಹೆಜ್ಜೆ ಒಂದೂ ಇರಲಿಲ್ಲ. ಬೆಂಚು ಮಾತ್ರ ಮೋಟು. ಕಟೊಂಗೊ ಬಾಗಿಲು ತೆರೆದಿಟ್ಟು ತಲೆ ಕೆರೆದುಕೊಳ್ಳುತ್ತಿದ್ದಾಗ ಮೇಡಂ ಒಳಗೆ ಕಾಲಿಟ್ಟರು. ಅವರ ಕಪ್ಪು ಬೂಟು ಬೆಳ್ಳಗಾಯಿತು.

"ಇದೇನು ಕಟೊಂಗೊ?"

"ಎನ್ಶಿಮಾ ಮುದ್ದೆ ಹಿಟ್ಟು ಮೇಡಂ."

"ಅದು ಕಾಣ್ತಿದೆ. ಇದು ಸರ್ವರ್ ಕೋಣೆನೋ ಅಡುಗೆಮನೆನೋ? ನಾಳೆ ಇಲ್ಲಿ ಇಲಿಗಳ ಮೆರವಣಿಗೆ ಬರುತ್ತೆ!"

ಕಿಟಕಿಯ ಹೊರಗಿನಿಂದ ಶೊಂಗಾನ ಧ್ವನಿ ಬಂತು: "ಬರ್ಲಿ ಮೇಡಂ, ಬಂದ್ರೆ ನಂಗೆ ಹೇಳಿ ಕಳ್ಸಿ. ಉಪ್ಪು ನಾನೇ ತರ್ತೀನಿ."

ಮೇಡಂ ತುಟಿ ಕಚ್ಚಿ ನಗು ತಡೆದುಕೊಂಡರು. ಕಟೊಂಗೊ, ಕಚೇರಿಯೊಳಗಿನ ಯಾರೋ ತನ್ನ ಕೆಲಸ ಕೆಡಿಸುತ್ತಿದ್ದಾರೆ, ತನ್ನನ್ನು ಚವುಮಾಕ್ಕೆ ಕಳಿಸಿ ತನ್ನ ಕುರ್ಚಿ ಹಿಡಿಯುವ ಹುನ್ನಾರ ನಡೆದಿದೆ ಎಂದು ದೂರು ಕೊಟ್ಟ. ಯಾರ ಮೇಲೆ ಅನುಮಾನ ಎಂದು ಮೇಡಂ ಕೇಳಿದರು. ಕಟೊಂಗೊ ಗೋಡೆಯ ಆಚೆಗಿನ ಮುಯುಂದಾನ ಕೋಣೆಯತ್ತ ಹುಬ್ಬು ಕುಣಿಸಿದ. ಮೇಡಂಗೆ ಅದು ಅರ್ಥವಾಗಲಿಲ್ಲ. ಕಣ್ಣಿಗೆ ಹಿಟ್ಟು ಬಿದ್ದಿದೆಯೇನೋ ಎಂದುಕೊಂಡು, "ತೊಳ್ಕೊಳ್ಳಿ. ನಾಡಿದ್ದು ಫಲಿತಾಂಶ" ಎಂದಷ್ಟೇ ಹೇಳಿ ಹೋದರು.

ಇತ್ತ ಮನೆಯಲ್ಲಿ ಇನ್ನೊಂದು ಅನುಮಾನ ಬೆಳೆಯುತ್ತಿತ್ತು. ಗಂಡ ಊಟ ಮಾಡುವಾಗಲೂ "ಎರಡು ಹನ್ನೆರಡು, ಒಂಬೈನೂರ ತೊಂಬತ್ತೆರಡು" ಎಂದು ಗೊಣಗುತ್ತಾನೆ. ಕೀಲಿ ಕಾಲುಚೀಲದಲ್ಲಿಡುತ್ತಾನೆ. ಮನೆಯ ಹಿಟ್ಟು ಎಲ್ಲಿಗೋ ಹೊತ್ತುಕೊಂಡು ಹೋಗುತ್ತಾನೆ. ಬನಾಚೆವೆ ಒಗೆಯಲು ಹಾಕಿದ ಅಂಗಿಯ ಜೇಬು ತಡಕಿದಾಗ ಚೀಟಿ ಸಿಕ್ಕಿತು. ಆರು ಅಂಕಿ. ಅವಳಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ. ತಕ್ಷಣ ಫೋನು ಮಾಡಿದಳು. ಆ ಕಡೆಯಿಂದ ಹೆಣ್ಣು ಧ್ವನಿಯೊಂದು, ಈ ನಂಬರು ಬಳಕೆಯಲ್ಲಿಲ್ಲ ಎಂದು ಇಂಗ್ಲಿಷಿನಲ್ಲಿ ಇನಿದಾಗಿ ಹೇಳಿತು.

ಎಂಟನೆಯ ದಿನ ಸಂಜೆ ಕಟೊಂಗೊ ಮನೆಗೆ ಬಂದರೆ ಹಜಾರದ ಚಾಪೆಯ ಮೇಲೆ ಮುದುಕಿಯೊಬ್ಬಳು ಕಾಲು ಚಾಚಿ ಕೂತಿದ್ದಳು. ಅವಳು ಬನಾಚೆವೆಗೆ ಮದುವೆಯ ಪಾಠ ಹೇಳಿಕೊಟ್ಟ ನಾಚಿಂಬುಸಾ. ಬೆಂಬಾ ಸಂಸಾರದಲ್ಲಿ ಈಕೆ ಕರೆಯದೆ ಬರುವುದಿಲ್ಲ, ಬಂದರೆ ಯಾರಿಗಾದರೂ ಮಂಗಳಾರತಿ ಮಾಡದೆ ಹೋಗುವುದಿಲ್ಲ. ಕಟೊಂಗೊ ಬಾಗಿಲಲ್ಲೇ ಕುಕ್ಕರಗಾಲಿನಲ್ಲಿ ಕೂತ.

"ಬಾಶಿಚೆವೆ," ಎಂದು ಚೆವೆಯ ಅಪ್ಪನನ್ನು ಕರೆದಳು ನಾಚಿಂಬುಸಾ, "ಅವಳ ಹೆಸರೇನು?"

"ಯಾರದ್ದು ಅಮ್ಮಾ?"

"ಎರಡು ಹನ್ನೆರಡು ಒಂಬೈನೂರ ತೊಂಬತ್ತೆರಡರವಳದ್ದು."

"ಅಯ್ಯೋ, ಅದು ಹೆಂಗಸಲ್ಲ ಅಮ್ಮಾ, ಬಫರ್!"

"ಕೇಳಿದ್ರಾ?" ಎಂದಳು ಬನಾಚೆವೆ. "ಹೆಸರೂ ಬಾಯಿಗೆ ಬಂತು. ಕಾಂಗೋ ಕಡೆಯವಳೇ ಇರ್ಬೇಕು. ನಾನು ಫೋನ್ ಮಾಡ್ದಾಗ ನಾನಿಲ್ಲ ಅಂತ ಅವಳೇ ಹೇಳಿದ್ಳು, ಎಂಥಾ ಗಟ್ಟಿಗಿತ್ತಿ! ಚೀಟಿ ಹಿಂದ್ಗಡೆ ನೋಡಿ, ಇನ್ನೊಬ್ಬಳದ್ದೂ ಇದೆ. ಅವಳದ್ದು ಏಳು ಅಂಕಿ."

ಕಟೊಂಗೊ ದೇವರಾಣೆ ಹಾಕಿ ಎಲ್ಲವನ್ನೂ ಮೊದಲಿನಿಂದ ವಿವರಿಸಿದ. ಪ್ರಶ್ನೆಗಳು, ಬಾಗಿಲು, ಬೆಂಚು, ಚವುಮಾ. ನಾಳೆ ಬೆಂಚು ಮೋಟಾಗಿದ್ದರೆ ತಾನು ಗಡಿಯ ಟವರಿನ ಕೆಳಗೆ ಒಬ್ಬನೇ ಎನ್ಶಿಮಾ ತಿರುವುತ್ತ ಕೂತಿರಬೇಕು. ಚೆವೆಗೆ ತನ್ನ ಮುಖವೇ ಮರೆತುಹೋಗುತ್ತದೆ. ಈ ಮಾತು ಹೇಳುವಾಗ ನಿಜವಾಗಿಯೂ ಅವನ ಕಣ್ಣಲ್ಲಿ ನೀರು ಬಂತು. ಅದನ್ನು ಕಂಡು ಬನಾಚೆವೆ ಸ್ವಲ್ಪ ಮೆತ್ತಗಾದಳು. ಚೀಟಿಯನ್ನು ಮಾತ್ರ ವಾಪಸು ಕೊಡಲಿಲ್ಲ.

ನಾಚಿಂಬುಸಾ ಒಂದು ಚಿಟಿಕೆ ನಶ್ಯ ಏರಿಸಿಕೊಂಡಳು. ಆಮೇಲೆ ಕೇಳಿದಳು: "ಸಂಜೆ ನೀನು ಹೇಳಿದ್ದು ಬೆಳಗ್ಗೆ ಅದಕ್ಕೆ ನೆನಪಿರಲ್ಲ. ಅವರಮ್ಮ ಕಲಿಸಿದ್ದು ಮಾತ್ರ ನೆನಪಿರುತ್ತೆ. ಹೌದಾ?"

"ಹೌದಮ್ಮಾ, ಹಾಗೇ ಅನ್ನಬಹುದು."

"ನನ್ನ ಗಂಡನೂ ಹೀಗೇ ಇದ್ದ. ಮಲಗಿ ಎದ್ರೆ ಎಲ್ಲಾ ಮಾಯ. ನಿನ್ನ ಯಂತ್ರ ಮಲಗುತ್ತಾ?"

"ಇಲ್ಲಮ್ಮಾ! ಅದು ಹಗಲೂ ರಾತ್ರಿ ಎಚ್ಚರ ಇರುತ್ತೆ."

"ನೀನು ನೋಡಿದ್ದೀಯಾ?"

"ಇಲ್ಲ. ನಾನು ಮನೇಲಿ ಮಲಗಿರ್ತೀನಲ್ಲ."

"ಎಚ್ಚರ ಇರೋರನ್ನ ಕೇಳೋ ಪೆದ್ದೇ!" ಎಂದು ನಾಚಿಂಬುಸಾ ಎದ್ದಳು. ಹೋಗುವಾಗ ಅವಳಿಗೆ ಒಂದು ಕೋಳಿಯನ್ನೂ ಕೊಡಬೇಕಾಯಿತು.

ಫಲಿತಾಂಶದ ದಿನ ಬೆಳಗ್ಗೆ ಏಳಕ್ಕೇ ಕಟೊಂಗೊ ಕಚೇರಿಗೆ ಓಡಿದ. ಬೆಂಚು ಮೋಟಾಗಿತ್ತು. ನೇರ ಜನರೇಟರ್ ಕೊಟ್ಟಿಗೆಗೆ ಹೋದ.

"ಶೊಂಗಾ, ಕೈ ಮುಗೀತೀನಿ. ಇವತ್ತೊಂದಿನ ನಿಜ ಹೇಳು. ನನ್ನ ಯಂತ್ರಕ್ಕೆ ಬೆಳಗಿನ ಜಾವ ಏನಾಗುತ್ತೆ?"

"ಎಷ್ಟು ದಿನದಿಂದ ಹೇಳ್ತಿದ್ದೀನಿ ಭಾವ? ಐದಕ್ಕೆ ಸಾಯುತ್ತೆ, ನಾನು ಎಬ್ಬಿಸ್ತೀನಿ."

"ಆಣೆ ಮಾಡು!"

"ನಮ್ಮಜ್ಜ ನಿಮ್ಮಜ್ಜನ ಹತ್ರ ಕಿತ್ಕೊಂಡ ಎಮ್ಮೆ ಚರ್ಮದ ಗುರಾಣಿ ಆಣೆಗೂ."

ಕಟೊಂಗೊ ತಲೆ ಮೇಲೆ ಕೈ ಹೊತ್ತು ಕೂತ. ಮೊದಲ ಸಲ ಅವನಿಗೆ, ಇದು ನಿಜವೇ ಇರಬಹುದೇ ಎನ್ನಿಸಿತು. ಆದರೆ ತಿಳಿಯುವುದು ಹೇಗೆ? ಬೆಂಬಾ ಕೇಳಿದರೆ ಎಂಗೋನಿ ನೇರ ಉತ್ತರ ಕೊಡುವುದಿಲ್ಲ. ಕೊಟ್ಟರೂ ಬೆಂಬಾನ ಕಿವಿಗೆ ಅದು ನೇರವಾಗಿ ಬೀಳುವುದಿಲ್ಲ. ನೆಂಟನಲ್ಲದ ಯಾರಾದರೂ ಕೇಳಬೇಕು. ಮೇಡಂ ಕೈಯಲ್ಲಿ ಕೇಳಿಸುವಂತಿಲ್ಲ, ಉಳಿದವನು ಒಬ್ಬನೇ ಒಬ್ಬ.

ಮುಯುಂದಾ ಒಂಬತ್ತೂವರೆಗೆ ಬಂದವನೇ ಎಂದಿನಂತೆ ಮೊಣಕಾಲು ಬಗ್ಗಿಸಿ ಚಪ್ಪಾಳೆ ತಟ್ಟಿದ.

"ಮುಯುಂದಾ ಅವ್ರೇ, ಒಂದು ಉಪಕಾರ ಆಗ್ಬೇಕು. ಶೊಂಗಾನ್ನ ಒಂದು ಪ್ರಶ್ನೆ ಕೇಳ್ಬೇಕು."

"ನೀವೇ ಕೇಳಬಹುದಲ್ಲ?"

"ಅವನು ನಂಗೆ ನೆಂಟ ಆಗ್ಬೇಕು."

"ಓ, ಹಾಗೆ. ಏನು ಕೇಳ್ಬೇಕು?"

"ನನ್ನ ಬೆಂಚು ಮೋಟು ಮಾಡ್ತಿರೋದು ಯಾರು ಅಂತ."

ಮುಯುಂದಾ ಹುಬ್ಬೇರಿಸಿದ. "ಒಂದು ವಾರದಿಂದ ನೀವು ನನ್ನ ಬಾಗಿಲಿಗೆ ಕಿವಿ ಇಡ್ತಿದ್ದಿದ್ದು ಇದಕ್ಕಾ? ನಾನು ಅಂದುಕೊಂಡಿದ್ದೆ, ನೀವೇ ರಾತ್ರಿ ನಂಬರು ಬದಲಾಯಿಸಿ ನನ್ನ ತಲೆಗೆ ಕಟ್ಟೋಕೆ ಹೊರಟಿದ್ದೀರಿ ಅಂತ. ಅದಕ್ಕೇ ನಾನೂ ನನ್ನ ಬಾಗಿಲಿಗೆ ದಾರ ಕಟ್ತಿದ್ದೆ."

ಇಬ್ಬರೂ ಕೊಟ್ಟಿಗೆಗೆ ಬಂದರು. ಕಟೊಂಗೊ ಮಾತಾಡದೆ ಬೇಲಿಯತ್ತ ಮುಖ ತಿರುಗಿಸಿ ನಿಂತ. ಮುಯುಂದಾ ಕೇಳಿದ ಕೂಡಲೇ ಶೊಂಗಾ ಟೋಪಿ ತೆಗೆದು ನೆಟ್ಟಗೆ ನಿಂತ.

"ಹೌದು ಸಾರ್. ರಾತ್ರಿಯೆಲ್ಲ ಜನರೇಟರ್ ಮೇಲೆ ಓಡುತ್ತೆ. ಬೆಳಗ್ಗೆ ಐದಕ್ಕೆ ಲೈನ್ ಕರೆಂಟು ಬರುತ್ತೆ. ನಾನು ಈ ಹಿಡಿ ಎಳೆದು ಲೈನಿಗೆ ಹಾಕ್ತೀನಿ. ನಡುವೆ ಯಂತ್ರ ಆರದ ಹಾಗೆ ಹಿಡಿಯೋ ಆ ಬ್ಯಾಟರಿ ಡಬ್ಬ ಸತ್ತು ಆರು ತಿಂಗಳಾಯ್ತು, ಹಸಿರು ದೀಪ ಮಾತ್ರ ಉರೀತಾ ಇರುತ್ತೆ. ಹಿಡಿ ಎಳೆಯೋವಾಗ ಒಳಗಿನ ಯಂತ್ರ ಎಲ್ಲಾ ಆರಿ, ಎರಡು ನಿಮಿಷಕ್ಕೆ ತಾವೇ ಎದ್ದೇಳ್ತವೆ. ಇವ್ರಿಗೆ ದಿನಾ ಹೇಳ್ತಿದ್ದೀನಿ, ನಗ್ತಾ ಹೋಗ್ತಾರೆ."

ಮುಯುಂದಾ ತಿರುಗಿ ಕೇಳಿದ, "ಆಜ್ಞೆ ಕೊಟ್ರಿ, ಸರಿ. ಆ ನಂಬರನ್ನ ಸೆಟ್ಟಿಂಗ್ ಫೈಲಿನಲ್ಲಿ ಬರೆದ್ರಾ? ಬರೀದಿದ್ರೆ ಯಂತ್ರ ಎದ್ದಾಗ ಹಳೇದನ್ನೇ ತಗೊಳ್ಳುತ್ತೆ."

"ಯಾವ ಫೈಲು?" ಎಂದ ಕಟೊಂಗೊ.

ಲುಸಾಕಾದ ತರಬೇತಿಯ ಕೊನೆಯ ಪಾಠ ಅದೇ ಆಗಿತ್ತು. ಆ ಪಾಠ ನಡೆಯುವಾಗ ಕಟೊಂಗೊ ಸರ್ಟಿಫಿಕೇಟನ್ನು ಮೊದಲೇ ಇಸಿದುಕೊಂಡು ಕಬ್ವೆ ಬಸ್ಸಿನ ಕಿಟಕಿ ಪಕ್ಕದ ಸೀಟು ಹಿಡಿದಾಗಿತ್ತು.

ಇಬ್ಬರೂ ಒಳಗೆ ಓಡಿದರು. ಫೈಲಿನಲ್ಲಿ ಸಂಖ್ಯೆ ಬರೆದರು, ಆಜ್ಞೆ ಕೊಟ್ಟರು, ಡಿಎನ್‌ಎಸ್ ಹೊಸದಾಗಿ ನಡೆಸಿದರು. ಗಂಟೆ ಒಂಬತ್ತು ಐವತ್ತೈದಾಗಿತ್ತು. ಆವತ್ತು ಬೆಳಗ್ಗೆ ಲೈನು ಬಂದು ಎಂಟಕ್ಕೇ ಮತ್ತೆ ಹೋಗಿ, ಜನರೇಟರ್ ಓಡುತ್ತಿತ್ತು. ಅಷ್ಟರಲ್ಲಿ ಹೊರಗಿನಿಂದ ಶೊಂಗಾ ಕೂಗಿದ: "ಲೈನ್ ಬಂತು! ಹಿಡಿ ಎಳೀತೀನಿ!"

"ಬೇಡ!" ಎಂದು ಕಟೊಂಗೊ ಕಿಟಕಿಯಲ್ಲಿ ಅರ್ಧ ಹೊರಗೆ ಬಂದು ಕಿರುಚಿದ. "ಶೊಂಗಾ, ಮುಟ್ಟಬೇಡ!"

"ಕೋತಿ ಕಿರುಚಿದ್ರೆ ಎಂಗೋನಿ ಕೈ ನಿಲ್ಲಿಸ್ತಾನಾ?" ಎಂದು ಶೊಂಗಾ ನಗುತ್ತ ಹಿಡಿಗೆ ಕೈ ಹಾಕಿದ.

"ಮುಯುಂದಾ ಅವ್ರೇ, ನೀವು ಹೇಳಿ! ದಮ್ಮಯ್ಯ, ನೀವು ಹೇಳಿ!"

ಮುಯುಂದಾ ಕಿಟಕಿಗೆ ಬಂದು, "ಶೊಂಗಾ, ಮಧ್ಯಾಹ್ನದವರೆಗೆ ಬೇಡ" ಎಂದ. ಶೊಂಗಾ ಹಿಡಿ ಬಿಟ್ಟು ಟೋಪಿ ಮುಟ್ಟಿದ.

ಹತ್ತು ಗಂಟೆಗೆ ಪ್ರಾಂತಕ್ಕೆ ಪ್ರಾಂತವೇ ಬಂತು. ಪರದೆಯ ಮೇಲೆ ಪ್ರಶ್ನೆಗಳ ಸಂಖ್ಯೆ ಕಣ್ಣು ಹಿಡಿಯಲಾಗದಷ್ಟು ಬೇಗ ಏರಿತು. ಬಿದ್ದವುಗಳ ಸಂಖ್ಯೆ ಸೊನ್ನೆ. ಹತ್ತೂಕಾಲಿಗೂ ಸೊನ್ನೆ. ಹತ್ತೂವರೆಗೆ ಬೀದಿಯ ಆ ಕಡೆ ಯಾರೋ ಹುಡುಗಿ ಕುಣಿದು ಕಿರುಚಿದ್ದು ಕೇಳಿಸಿತು, ಅವಳಮ್ಮ ಉಲಿದ ಜಯಕಾರವೂ ಕೇಳಿಸಿತು. ಕಟೊಂಗೊ ಕುರ್ಚಿಯಲ್ಲಿ ಕುಸಿದು ಕೂತ. ಅವನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

ಮಧ್ಯಾಹ್ನ ಮೇಡಂ ನಾಮುಕೋಲೊ ಮೂವರನ್ನೂ ಕರೆಸಿದರು. ಮೇಜಿನ ಮೇಲೆ ಚವುಮಾದ ವರ್ಗಾವಣೆ ಪತ್ರ ಟೈಪಾಗಿ, ಸಹಿಯೊಂದಕ್ಕೆ ಕಾದಿತ್ತು.

"ಒಂದೂ ಬಿದ್ದಿಲ್ಲ. ಸಂತೋಷ. ಆದ್ರೆ ಯಾರೋ ಕೆಲಸ ಕೆಡಿಸ್ತಿದ್ದಾರೆ ಅಂತ ದೂರು ಕೊಟ್ಟಿದ್ರಿ. ಯಾರದು? ತಪ್ಪು ಮಾಡಿದೋರು ಯಾರೇ ಆಗ್ಲಿ, ಈ ಪತ್ರಕ್ಕೆ ಅವರ ಹೆಸರು ಹಾಕ್ತೀನಿ."

ಕಟೊಂಗೊನ ಮೈಯಲ್ಲಿ ಶಕ್ತಿ ಉಳಿದಿರಲಿಲ್ಲ. ಸುಳ್ಳು ಹೇಳುವುದಕ್ಕೂ ಶಕ್ತಿ ಬೇಕು. "ನಾನೇ ಮೇಡಂ," ಎಂದುಬಿಟ್ಟ. "ಕೊನೇ ಪಾಠಕ್ಕೆ ಕೂರದೆ ಬಸ್ ಹತ್ತಿದೆ. ನಂಬರನ್ನ ಫೈಲಲ್ಲಿ ಬರೀಲಿಲ್ಲ. ಶೊಂಗಾ ಮೊದಲನೇ ದಿನವೇ ನಿಜ ಹೇಳಿದ್ದ. ಅವನು ನನಗಿಂತ ಬುದ್ಧಿವಂತ."

ಮೇಡಂ ಕಣ್ಣು ಅಗಲ ಮಾಡಿದರು. ಬೆಂಬಾ ಒಬ್ಬ ಎಂಗೋನಿಯನ್ನು ಬುದ್ಧಿವಂತ ಎನ್ನುವುದೇ? ಶೊಂಗಾನ ಕಡೆ ತಿರುಗಿದರು.

"ನಿಜ ಮೇಡಂ," ಎಂದ ಶೊಂಗಾ ಬಹಳ ಗಂಭೀರವಾಗಿ. "ತಪ್ಪೆಲ್ಲ ಇವನದ್ದೇ. ಇವನಷ್ಟು ಪೆದ್ದ ಈ ಪ್ರಾಂತದಲ್ಲೇ ಇಲ್ಲ. ಚವುಮಾಕ್ಕೆ ಕಳಿಸಿ. ಅಲ್ಲಿ ಮರಗಳು ಚೆನ್ನಾಗಿವೆ, ಇವನಿಗೆ ಊಟಕ್ಕೆ ತೊಂದ್ರೆ ಆಗಲ್ಲ."

ಮೇಡಂಗೆ ತಡೆಯಲಾಗಲಿಲ್ಲ. ಮೇಜಿಗೆ ಹಣೆಯಿಟ್ಟು ನಕ್ಕರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ನಿಜ ಮೇಡಂ! ನಾನು ತಮಾಷೆ ಮಾಡ್ತಿಲ್ಲ!" ಎಂದ ಕಟೊಂಗೊ. ಅವರು ಇನ್ನಷ್ಟು ನಕ್ಕರು.

ಕೊನೆಗೆ ಉಸಿರು ಎಳೆದುಕೊಂಡು ಅವರು ಮುಯುಂದಾನನ್ನು ನೋಡಿದರು. "ಈ ನೆಂಟರಿಂದ ನೆಟ್ಟಗಿನ ಮಾತು ಬರಲ್ಲ. ಮುಯುಂದಾ, ನೀವು ಹೇಳಿ. ಏನಾಗಿತ್ತು?"

ಮುಯುಂದಾ ಹೇಳಿದರೆ ಯಾರೂ ನಗುವುದಿಲ್ಲ ಎಂದು ಕಟೊಂಗೊನಿಗೆ ಗೊತ್ತಿತ್ತು. ಹಿಟ್ಟು, ದಾರ, ಬಾಗಿಲಿಗಿಟ್ಟ ಕಿವಿ ಎಲ್ಲ ಅವನ ಕಣ್ಣ ಮುಂದೆ ಬಂದವು. ಚೆವೆಯ ಮುಖವೂ ಬಂತು. ವಾರವಿಡೀ ಕಳ್ಳನೆಂದು ತಾನು ನೋಡಿದ ಮನುಷ್ಯನ ಕೈಯಲ್ಲಿ ಈಗ ತನ್ನ ಸಂಸಾರವಿತ್ತು. ಅವನು ನಾಚಿಕೆಯಿಂದ ತಲೆ ತಗ್ಗಿಸಿದ.

ಮುಯುಂದಾ ಮೊಣಕಾಲು ತುಸು ಬಗ್ಗಿಸಿ ಹೇಳಿದ: "ಬ್ಯಾಟರಿ ಡಬ್ಬ ಸತ್ತಿದೆ ಮೇಡಂ. ಹೊಸದು ತರಿಸ್ಬೇಕು. ಅಷ್ಟೇ."

ಮೇಡಂ ಪತ್ರವನ್ನು ಎರಡಾಗಿ ಹರಿದು ಬುಟ್ಟಿಗೆ ಹಾಕಿದರು.

ಸಂಜೆ ಮನೆಗೆ ಹೊರಟ ಕಟೊಂಗೊ ಹಗುರಾಗಿದ್ದ. ಗೇಟಿನವರೆಗೆ ಹಗುರಾಗಿಯೇ ಇದ್ದ. ಗೇಟಿನ ಬಳಿ ಕಾಲು ತಾನಾಗಿ ನಿಂತಿತು. ಹಿಂದಿರುಗಿ ಕೊಟ್ಟಿಗೆಗೆ ಬಂದು, ಸುತ್ತಮುತ್ತ ನೋಡಿ, ದನಿ ತಗ್ಗಿಸಿ ಕೇಳಿದ:

"ಶೊಂಗಾ, ಆ ಮುಯುಂದಾ ಯಾಕೆ ನನ್ನ ಉಳಿಸಿದ? ಏನಿರಬಹುದು ಅವನ ಲೆಕ್ಕಾಚಾರ?"

"ಲೆಕ್ಕಾಚಾರ ಏನೂ ಇಲ್ಲ ಭಾವ," ಎಂದ ಶೊಂಗಾ. "ಅವನು ಒಳ್ಳೆ ಮನುಷ್ಯ. ಅಷ್ಟೇ."

ಕಟೊಂಗೊ ನಿಟ್ಟುಸಿರು ಬಿಟ್ಟ. ಹೇಳಿದವನು ಎಂಗೋನಿ. ಈ ಮಾತನ್ನು ಇನ್ನು ಬೇರೆ ಯಾರಿಂದಲಾದರೂ ಕೇಳಿಸಬೇಕು.